ಗೂಬೆಗೆ ಬಾಗಿಲು ತೆರೆಯದಿದ್ದುದಕ್ಕೆ ಕ್ಷಮೆ ಕೋರಿ, ಕೆಂಪು ಚೀಟಿಯನ್ನು ಹಿಂಪಡೆಯುವ ಬಗ್ಗೆ

ಇಂದ,
ಯಾದಿರಾ ವೆಂತುರಾ, ವಯಸ್ಸು ಹದಿನೆಂಟು,
ಎಲ್ಪಿದಿಯಾ ವೆಂತುರಾ ಅವರ ಮಗಳು,
ಮನೆ ನಂ. 14, ಪೀಚ್ ತೋಟದ ಹಿಂದಿನ ಸಾಲು,
ಅಲ್ಮೆಂದ್ರಾ, ಕ್ಯಾಲಿಫೋರ್ನಿಯಾ.
(ಮೇಲ್ಕಂಡ ವಿಳಾಸವು ನಿಜವಾದದ್ದು. ಅದನ್ನು ಇಲ್ಲಿ ಬರೆಯಲು ಅಮ್ಮನ ಒಪ್ಪಿಗೆ ಪಡೆಯುವುದಕ್ಕೆ ಒಂದೂವರೆ ದಿನ ಹಿಡಿಯಿತು.)

ಗೆ,
ಮಾನ್ಯ ನಿರ್ದೇಶಕರು,
ಕಾಗದಪತ್ರವಿಲ್ಲದ ವಿದ್ಯಾರ್ಥಿಗಳ ವಿದ್ಯಾರ್ಥಿವೇತನ ಹಾಗೂ ಉದ್ಯೋಗ ನೆರವು ಕೇಂದ್ರ,
ಲೋಮಾ ಸೆಕಾ ಕಾಲೇಜು.

ವಿಷಯ: ಕಳೆದ ಶನಿವಾರ ಬೆಳಿಗ್ಗೆ 10-20ಕ್ಕೆ ನಮ್ಮ ಮುಂಬಾಗಿಲ ಕೆಳಗಿನಿಂದ ಹೊರಬಂದ ಕೆಂಪು ಚೀಟಿಯನ್ನು ವಿದ್ಯಾರ್ಥಿವೇತನದ ನಿರಾಕರಣೆ ಎಂದು ಪರಿಗಣಿಸಿರುವುದನ್ನು ರದ್ದುಪಡಿಸಿ, ಸದರಿ ವೇತನವನ್ನು ನನಗೇ ದಯಪಾಲಿಸುವ ಬಗ್ಗೆ.

ಉಲ್ಲೇಖ:
1. ತಮ್ಮ ಕೇಂದ್ರದಿಂದ ಸೋಮವಾರ ಬಂದ ಇ-ಮೇಲ್ ಪತ್ರ.
2. ಸದರಿ ಕೆಂಪು ಚೀಟಿ.
3. ತಮ್ಮ ಗೂಬೆ.

ಮಾನ್ಯರೇ,

ಮೇಲ್ಕಂಡ ವಿಷಯ ಹಾಗೂ ಉಲ್ಲೇಖಗಳಿಗೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನನಗೆ ಸದರಿ ವಿದ್ಯಾರ್ಥಿವೇತನ ಬೇಕು. ಬೇಕು, ಬೇಕೇ ಬೇಕು. ಅರ್ಜಿಯಲ್ಲಿ ಒಂದೇ ಮಾತನ್ನು ಇಷ್ಟು ಸಲ ಬರೆಯಬಾರದೆಂದು ಶಾಲೆಯಲ್ಲಿ ಕಲಿಸಿದ್ದಾರೆ. ಆದರೆ ಶನಿವಾರ ನಮ್ಮ ಮನೆಯಿಂದ ಹೊರಬಂದ ಚೀಟಿಯಲ್ಲಿ 'ಇಲ್ಲ' ಎಂಬುದು ಮೂರು ಸಲ ಇದ್ದುದರಿಂದ, ಅದಕ್ಕಿಂತ ಒಂದು ಹೆಚ್ಚಿರಲಿ ಎಂದು ಹೀಗೆ ಮಾಡಿದ್ದೇನೆ.

ತಮ್ಮ ಪತ್ರದ ಪ್ರಕಾರ, ಈ ಶುಕ್ರವಾರ ಸಂಜೆ ಐದರೊಳಗೆ ನನ್ನ ಲಿಖಿತ ವಿವರಣೆ ಬಾರದಿದ್ದಲ್ಲಿ ವೇತನವು ಕಾಯುವವರ ಪಟ್ಟಿಯಲ್ಲಿರುವ ಮುಂದಿನವರಿಗೆ ಹೋಗುತ್ತದೆ. ವೇತನ ಹೋದರೆ ನನ್ನ ಭೂಮಾಪನದ ಓದು ಹೋಗುತ್ತದೆ. ಅದು ಹೋದರೆ ಸೋಮವಾರದಿಂದ ನಾನು ಅಮ್ಮನ ಪಕ್ಕದಲ್ಲಿ ನಿಂತು ಪೀಚ್ ಹಣ್ಣನ್ನು ಪೆಟ್ಟಿಗೆಗೆ ತುಂಬಬೇಕು. ಶೆಡ್ಡಿನಲ್ಲಿ ನನ್ನ ಅಳತೆಯ ಏಪ್ರನ್ ಒಂದನ್ನು ಈಗಾಗಲೇ ಮೊಳೆಗೆ ತೂಗುಹಾಕಿದ್ದಾರೆ. ಕಾರಣ, ಈ ಅರ್ಜಿ ಉದ್ದವಾಯಿತೆಂದು ತಾವು ಬೇಸರಿಸಬಾರದು. ಘಟನೆಯ ವಿವರ ಕೆಳಕಂಡಂತಿದೆ.

1. ನಮ್ಮ ಮನೆಗೆ ಎರಡು ಬಾಗಿಲುಗಳಿವೆ. ಅಡುಗೆಮನೆ ಬಾಗಿಲು ನಮ್ಮವರಿಗೆ. ಅದನ್ನು ಯಾರೂ ತಟ್ಟುವುದಿಲ್ಲ. "ಏನ್ ಅಡುಗೆ ಇವತ್ತು?" ಎಂದು ಬೀದಿಯಿಂದಲೇ ಕೂಗಿಕೊಂಡು ಬಂದು, ಪಾತ್ರೆಯ ಮುಚ್ಚಳ ಎತ್ತಿ ನೋಡಿ, ಆಮೇಲೆ ಕ್ಷೇಮಸಮಾಚಾರ ಕೇಳುತ್ತಾರೆ. ಮುಂಬಾಗಿಲು ತಟ್ಟುವವರಿಗೆ. ತಟ್ಟುವವರೆಂದರೆ ನಮ್ಮವರಲ್ಲ. ಆದ್ದರಿಂದ ಅದನ್ನು ತೆರೆಯುವ ಪದ್ಧತಿ ನಮ್ಮಲ್ಲಿಲ್ಲ. ಹನ್ನೊಂದು ವರ್ಷಗಳಿಂದ ಅದು ತೆರೆದಿಲ್ಲ. ಅದಕ್ಕೆ ಒತ್ತಿಕೊಂಡು ಮೆಕ್ಕೆಜೋಳದ ಹಿಟ್ಟಿನ ಮೂಟೆ, ಮೂಟೆಯ ಮೇಲೆ ಗ್ವಾದಲೂಪೆ ದೇವಮಾತೆಯ ಪಟ, ಪಟದ ಪಕ್ಕದಲ್ಲಿ ಲಿಬೊರಿಯೊ ಎಂಬ ಗಿಳಿಯ ಪಂಜರ ಇವೆ. ಇದು ಬೀದಿಗೆಲ್ಲ ಗೊತ್ತಿರುವ ವಿಷಯ. ತಮಗೆ ಗೊತ್ತಿಲ್ಲದಿದ್ದುದು ತಮ್ಮ ತಪ್ಪಲ್ಲ.

2. ತಪ್ಪು ನನ್ನದು. ತಮ್ಮ ಅರ್ಜಿ ನಮೂನೆಯ 'ವಾಸದ ವಿಳಾಸ' ಎಂಬ ಜಾಗದಲ್ಲಿ ನಾನು ವಾಸದ ವಿಳಾಸ ಬರೆದುಬಿಟ್ಟೆ. ನಮ್ಮ ಮನೆಯಲ್ಲಿ ಇದುವರೆಗೆ ಯಾರೂ ಇಂಥ ಕೆಲಸ ಮಾಡಿಲ್ಲ. ಶಾಲೆಗೆ ಇಗರ್ಜಿಯ ವಿಳಾಸ ಕೊಟ್ಟಿದ್ದೇವೆ, ಗ್ರಂಥಾಲಯಕ್ಕೆ ಬೇಕರಿಯದು, ಹಲ್ಲಿನ ಡಾಕ್ಟರಿಗೆ ಈಗ ಊರಿನಲ್ಲೇ ಇಲ್ಲದ ಒಂದು ಬೀದಿಯದು. ನಾನು ಮಾತ್ರ ಅಮ್ಮನಿಗೆ ಹೇಳದೆ 14 ಎಂದು ಬರೆದೆ. ಬರೆಯುವಾಗ ಹೆದರಿಕೆಯಾಗಿತ್ತು. ಖುಷಿಯೂ ಆಗಿತ್ತು. ನಾನು ಒಂದು ಕಡೆ ಇದ್ದೇನೆ ಎಂದು ಮೊದಲ ಸಲ ಯಾರಿಗೋ ಹೇಳಿದಂತಾಯಿತು.

3. ಎದುರು ಮನೆಯ ದೋನ್ಯಾ ತೆಂಚಾ ಅವರ ಬಗ್ಗೆ ಇಲ್ಲಿ ನಮೂದಿಸುವುದು ಅಗತ್ಯ. ವಯಸ್ಸು ಅರವತ್ತೇಳು. ದ್ರಾಕ್ಷಿ ತೋಟದಲ್ಲಿ ಬಗ್ಗಿ ಬಗ್ಗಿ ಮಂಡಿ ಹೋಗಿರುವ ಕಾರಣ ಕಿಟಕಿ ಬಳಿ ಕೂತಿರುತ್ತಾರೆ. ಗುರುತಿಲ್ಲದ ಗಾಡಿ ಬೀದಿಗೆ ಬಂದರೆ, ವಲಸೆ ಪೊಲೀಸರದಿರಬಹುದೆಂದು ಎಲ್ಲ ಮನೆಗಳಿಗೂ ಫೋನ್ ಮಾಡುವುದು ಅವರ ಕೆಲಸ. ಸಂಬಳವಿಲ್ಲ, ರಜೆಯೂ ಇಲ್ಲ. ಬೀದಿಯ ಎಲ್ಲರಿಗೂ ಕವಾಯತು ಕಲಿಸಿದವರು ಅವರೇ. ಫೋನ್ ಬಂದ ಕೂಡಲೇ ನಮ್ಮ ಮನೆಯಲ್ಲಿ ನಡೆಯಬೇಕಾದದ್ದು ಹೀಗೆ:

ಅ) ಅಮ್ಮ ಒಲೆ ಆರಿಸಿ ರೇಡಿಯೋ ನಿಲ್ಲಿಸುವುದು.
ಆ) ಸೋದರಮಾವ ಫಿದೆನ್ಸಿಯೊ ಸ್ನಾನದ ತೊಟ್ಟಿಯಲ್ಲಿ ಮಲಗಿ ಪರದೆ ಎಳೆದುಕೊಳ್ಳುವುದು.
ಇ) ನಾನು, ಪೊಲೀಸರಿಗೆ ನಮ್ಮ ಹಕ್ಕು ತಿಳಿಸುವ ಕೆಂಪು ಚೀಟಿಯೊಂದಿಗೆ ಮುಂಬಾಗಿಲ ಬಳಿ ಹೊಟ್ಟೆಯ ಮೇಲೆ ತೆವಳುವುದು.
ಈ) ಯಾರೂ ಉಸಿರೆತ್ತದಿರುವುದು.

ಆರನೇ ವಯಸ್ಸಿನಿಂದ ನಾನು ಇ) ಕೆಲಸವನ್ನು ಮಾಡುತ್ತಿದ್ದೇನೆ. ಅಭ್ಯಾಸದಲ್ಲಿ ನನ್ನಷ್ಟು ಬೇಗ ತೆವಳಿದವರು ಬೀದಿಯಲ್ಲಿ ಇಲ್ಲ. ಇದನ್ನು ನನ್ನ ಅರ್ಹತೆಗಳ ಪಟ್ಟಿಯಲ್ಲಿ ಸೇರಿಸುವುದು ಮರೆತುಹೋಗಿತ್ತು.

4. ಶನಿವಾರ ಬೆಳಿಗ್ಗೆ ಅಮ್ಮ ತಮಾಲೆ ಮಾಡುತ್ತಿದ್ದರು. ನಾನು ಮೆಕ್ಕೆಜೋಳದ ಸಿಪ್ಪೆಯ ಮೇಲೆ ಹಿಟ್ಟು ಸವರುತ್ತಿದ್ದೆ. ಫೋನ್ ಬಂತು.

"ಎಲ್ಪಿದಿಯಾ! ಬಿಳಿ ಗಾಡಿ ಕಣೇ! ಮೂರು ಜನ! ಇಬ್ರು ಕಪ್ಪು ಜಾಕೆಟ್ಟು, ಬೆನ್ನ ಮೇಲೆ ಏನೋ ಬರ್ದಿದೆ!"

"ಏನ್ ಬರ್ದಿದೆ? ಓದಿ ಹೇಳು!"

"ಕನ್ನಡಕ ಬಚ್ಚಲಲ್ಲಿದೆ, ಎಲ್ಲಿಂದ ಓದ್ಲಿ? ಒಬ್ನ ಕೈಲಿ ದೊಡ್ಡ ಹಲಗೆ. ಬಾಗ್ಲು ಒಡೆಯೋಕೇ ತಂದಿರೋದು!"

"ಇನ್ನೊಬ್ಬ? ಮೂರನೇವ್ನು?"

ಇಲ್ಲಿ ದೋನ್ಯಾ ತೆಂಚಾ ಕಿಟಕಿಯನ್ನು ಇನ್ನಷ್ಟು ತೆರೆದ ಸದ್ದು ಫೋನಿನಲ್ಲಿ ಕೇಳಿತು.

"ಮೂರನೇದು ಗೂಬೆ."

5. ತಮ್ಮ ಕಾಲೇಜಿಗೆ ಗೂಬೆಯು ವಿದ್ಯೆಯ ಗುರುತು ಎಂಬುದನ್ನು ನಾನು ಬಲ್ಲೆ. ಫಲಿತಾಂಶವು ಅಂಚೆಯಲ್ಲಿ ಬರುತ್ತದೆಂದು ತಮ್ಮ ನಮೂನೆಯಲ್ಲಿ ಅಚ್ಚಾಗಿತ್ತು. ಗೂಬೆಯ ಮೂಲಕ ಬರುತ್ತದೆಂದು ಅಚ್ಚಾಗಿರಲಿಲ್ಲ. ಅಮ್ಮ ಹುಟ್ಟಿದ್ದು ಗಡಿಯಾಚೆ, ವಾಹಾಕಾದ ಒಂದು ಬೆಟ್ಟದೂರಿನಲ್ಲಿ. ಅಲ್ಲಿ ಗೂಬೆ ಮನೆಯ ಮೇಲೆ ಕೂತು ಕೂಗಿದರೆ ಆ ಮನೆಯಿಂದ ಒಬ್ಬರನ್ನು ಕರೆದುಕೊಂಡೇ ಹೋಗುತ್ತದೆ ಎಂದು ನಂಬುತ್ತಾರೆ. ಅದು ಅಂಗೈಯಗಲದ ಗೂಬೆಯ ಮಾತು. ತಾವು ಕಳಿಸಿದ್ದು ಆರಡಿ ಎತ್ತರದ್ದು, ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡದ್ದು. ಅಮ್ಮ ಪರದೆಯ ಸಂದಿಯಿಂದ ಒಮ್ಮೆ ನೋಡಿ, ಶಿಲುಬೆಯ ಗುರುತು ಮಾಡಿಕೊಂಡು, ನೆಲಕ್ಕೆ ಕುಸಿದು ಕೂತರು.

"ಅಮ್ಮಾ, ಪೊಲೀಸ್ನೋರು ಎಲ್ಲಾದ್ರೂ ಗೂಬೆ ವೇಷ ಹಾಕ್ತಾರಾ?" ಎಂದು ನಾನು ಪಿಸುಗುಟ್ಟಿದೆ.

"ನಾವು ಹಂಗೆ ಅಂದ್ಕೊಳ್ಲಿ ಅಂತ್ಲೇ ಹಾಕ್ಕೊಂಡು ಬಂದಿರೋದು! ಬಾಯ್ಮುಚ್ಕೊಂಡು ತೆವಳು!"

ನಾನು ತೆವಳಿದೆ.

6. ಅಷ್ಟರಲ್ಲಿ ಹೊರಗಿನಿಂದ ಧ್ವನಿವರ್ಧಕದಲ್ಲಿ ನನ್ನ ಹೆಸರು ಕೇಳಿತು. "ಯಾದಿರಾ ವೆಂತುರಾ! ಹೊರಗೆ ಬನ್ನಿ! ನಿಮಗೊಂದು ಸುದ್ದಿ ಇದೆ!" ನನ್ನನ್ನು ಪೂರ್ತಿ ಹೆಸರಿನಿಂದ ಕರೆಯುವವರು ಇಬ್ಬರೇ: ಸಿಟ್ಟು ಬಂದಾಗ ಅಮ್ಮ, ಮತ್ತು ಸರ್ಕಾರ. ಅಮ್ಮ ನನ್ನ ಪಕ್ಕದಲ್ಲೇ ನೆಲದ ಮೇಲಿದ್ದರು. ಆದ್ದರಿಂದ ಉಳಿದದ್ದು ಯಾರೆಂದು ನಾನು ತೀರ್ಮಾನಿಸಿದೆ. 'ಸುದ್ದಿ ಇದೆ' ಎಂದು ಹೇಳಿ ಯಾರೂ ಇದುವರೆಗೆ ನಮಗೆ ಒಳ್ಳೆಯ ಸುದ್ದಿ ಹೇಳಿಲ್ಲ ಎಂಬುದನ್ನೂ ತಾವು ಗಮನಿಸಬೇಕು.

ಆ ಕ್ಷಣ ಅಮ್ಮ ನನ್ನ ಕಡೆ ತಿರುಗಿ ನೋಡಿದರು. ಅವರಿಗೆ ಹೇಗೆ ನಿನ್ನ ಹೆಸರು ಗೊತ್ತು, ಹೇಗೆ ಈ ಮನೆ ಗೊತ್ತು ಎಂದು ಬಾಯಿ ತೆರೆಯದೇ ಕೇಳಿದರು. ನನಗೆ ಉತ್ತರ ಗೊತ್ತಿತ್ತು. ಹೇಳಲು ಧೈರ್ಯ ಬರಲಿಲ್ಲ.

7. ಲಿಬೊರಿಯೊ ಬಗ್ಗೆ. ತಮ್ಮ ಪತ್ರದಲ್ಲಿ "ಒಳಗಿನಿಂದ ಸ್ಪಷ್ಟ ಆಹ್ವಾನ ಬಂದರೂ ಬಾಗಿಲು ತೆರೆಯಲಿಲ್ಲ" ಎಂದು ಆಕ್ಷೇಪಿಸಿದ್ದೀರಿ. ಆಹ್ವಾನಿಸಿದ್ದು ಗಿಳಿ. ಅಡುಗೆಮನೆಗೆ ದಿನವಿಡೀ ಬರುವವರಿಗೆ ಅಮ್ಮ ಹೇಳುವುದನ್ನು ಕೇಳಿ ಕೇಳಿ ಅದು "ಬನ್ನಿ ಬನ್ನಿ, ಒಳಗ್ ಬನ್ನಿ! ಊಟ ಮಾಡ್ತೀರಾ?" ಎನ್ನುವುದನ್ನು ಕಲಿತಿದೆ. ಅಂದು ಐದು ಸಲ ಹೇಳಿತು. ಪ್ರತಿ ಸಲವೂ ತಮ್ಮವರು ಹೊರಗಿನಿಂದ "ಧನ್ಯವಾದ!" ಎಂದು ಹಿಡಿ ತಿರುಗಿಸಿದರು.

ಫೋನ್ ಇನ್ನೂ ಆನ್ ಆಗಿತ್ತು. ದೋನ್ಯಾ ತೆಂಚಾ ಅದರಲ್ಲಿ ಒದರುತ್ತಿದ್ದರು: "ಯಾರೇ ಅದು ಒಳಗ್ ಬನ್ನಿ ಅಂದಿದ್ದು? ತಲೆ ಕೆಟ್ಟಿದ್ಯಾ?"

"ಗಿಳಿ, ದೋನ್ಯಾ!"

"ಅಯ್ಯೋ ಮುಂಡೇದೇ! ಗಿಳಿ ಒಪ್ಕೊಂಡ್ರೆ ಕಾನೂನಲ್ಲಿ ನಡೆಯುತ್ತಾ? ಯಾರನ್ನಾದ್ರೂ ಕೇಳಿದೀರಾ?"

ಯಾರೂ ಕೇಳಿರಲಿಲ್ಲ. ಸ್ನಾನದ ತೊಟ್ಟಿಯಿಂದ ಮಾವ, "ಗಿಳಿ ಹೆಸ್ರಲ್ಲಿ ಬಾಡಿಗೆ ಚೀಟಿ ಇಲ್ಲ, ನಡೆಯಲ್ಲ" ಎಂದು ಪಿಸುಗುಟ್ಟಿದರು. ಮಾವ ತೋಟಗಳಿಗೆ ನೀರಿನ ಪೈಪು ಹಾಕುತ್ತಾರೆ. ಆದರೆ ಹೆದರಿಕೆಯಾದಾಗ ವಕೀಲರಾಗುತ್ತಾರೆ.

8. ಕಾರಣ, ನಾನು ಮೂಟೆಯ ಪಕ್ಕದ ಸಂದಿಯಿಂದ ಕೆಂಪು ಚೀಟಿಯನ್ನು ಹೊರಗೆ ತಳ್ಳಿದೆ. ಅದರ ಒಕ್ಕಣೆ ತಮಗೆ ಗೊತ್ತೇ ಇದೆ: "ನಾನು ನಿಮ್ಮೊಂದಿಗೆ ಮಾತನಾಡುವುದಿಲ್ಲ. ನಿಮ್ಮ ಪ್ರಶ್ನೆಗಳಿಗೆ ಉತ್ತರಿಸುವುದಿಲ್ಲ. ನೀವು ಕೊಡುವ ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ. ನ್ಯಾಯಾಧೀಶರ ಸಹಿ ಇರುವ ಆದೇಶವಿದ್ದರೆ ಬಾಗಿಲ ಕೆಳಗಿನಿಂದ ತಳ್ಳಿ."

ಹೊರಗೆ ಗುಸುಗುಸು ಆಯಿತು. ಆಮೇಲೆ ತಮ್ಮವರು ನಿಜವಾಗಿಯೂ ಬಾಗಿಲ ಕೆಳಗಿನಿಂದ ತಳ್ಳತೊಡಗಿದರು. ಅವರ ಬಳಿ ಇದ್ದದ್ದು ನಾಲ್ಕಡಿ ಉದ್ದದ ರಟ್ಟಿನ ಚೆಕ್ಕು ಎಂಬುದು ನಮಗೆ ತಿಳಿದಿರಲಿಲ್ಲ. ಅದರ ಒಂದು ಮೂಲೆ ಮಾತ್ರ ಒಳಗೆ ಬಂದು ಸಿಕ್ಕಿಕೊಂಡಿತು. ಆ ಮೂಲೆಯಲ್ಲಿ ಮೂರು ಸೊನ್ನೆಗಳಿದ್ದವು.

"ದೋನ್ಯಾ, ಏನೋ ಕಾಗದ ತಳ್ತಿದಾರೆ! ಸೊನ್ನೆ ಇದೆ!"

"ಸೊನ್ನೆ ಇದ್ರೆ ದಂಡ ಕಣೇ! ಮುಟ್ಬೇಡ! ಹೊರಗ್ ತಳ್ಳು!"

ನಾನು ಪೊರಕೆಯಿಂದ ಹೊರಗೆ ತಳ್ಳಿದೆ. ಅವರು ಒಳಗೆ ತಳ್ಳಿದರು. ನಾನು ಮತ್ತೆ ಹೊರಗೆ ತಳ್ಳಿದೆ. ಅಮ್ಮನೂ ಬಂದು ಪೊರಕೆಗೆ ಕೈಹಾಕಿದರು. ಆಚೆ ಗೂಬೆ, ಈಚೆ ನಾವು, ನಡುವೆ ನನ್ನ ನಾಲ್ಕು ವರ್ಷದ ಓದು. ಒಟ್ಟು ಆರು ಸಲ ಹೀಗೆ ನಡೆಯಿತು. ಕೊನೆಗೆ ನಾವೇ ಗೆದ್ದೆವು ಎಂಬುದನ್ನು ವಿಷಾದದಿಂದ ತಿಳಿಸುತ್ತೇನೆ.

9. ಗಾಡಿ ಹೋದ ಮೇಲೆ ಗೇಟಿಗೆ ಒಂದು ಬಲೂನು ಕಟ್ಟಿತ್ತು. ಮಾವ ತೊಟ್ಟಿಯಿಂದೆದ್ದು ಒದ್ದೆ ಬಟ್ಟೆಯಲ್ಲೇ ಹೋಗಿ, "ಇದ್ರೊಳಗೆ ಕ್ಯಾಮೆರಾ ಇಟ್ಟಿರ್ತಾರೆ" ಎಂದು ಚಾಕು ಹಾಕಿದರು. ಢಮ್ ಎಂದು ಒಡೆದ ಸದ್ದಿಗೆ ಇಡೀ ಬೀದಿ ನೆಲಕ್ಕೆ ಮಲಗಿತು. ಬಲೂನಿನ ಮೇಲೆ ಅಕ್ಷರಗಳಿದ್ದುದನ್ನು ಮಾವ ನೋಡಲಿಲ್ಲ. ಅದೇ ದಿನ ಮಧ್ಯಾಹ್ನ ಬೀದಿಯವರೆಲ್ಲ ಅಡುಗೆಮನೆ ಬಾಗಿಲಿನಿಂದ ಬಂದು ನಮ್ಮ ಗೆಲುವಿಗೆ ತಮಾಲೆ ತಿಂದರು. ದೋನ್ಯಾ ತೆಂಚಾ ಮಂಡಿ ನೋವಿನಲ್ಲೂ ಸ್ವಲ್ಪ ಕುಣಿದರು.

10. ಸೋಮವಾರ ಗ್ರಂಥಾಲಯದಲ್ಲಿ ತಮ್ಮ ಪತ್ರ ಓದಿದೆ. "ತಾವು ವಿದ್ಯಾರ್ಥಿವೇತನಕ್ಕೆ ಆಯ್ಕೆಯಾದ ಏಕೈಕ ಭೂಮಾಪನ ಅಭ್ಯರ್ಥಿ. ಆದರೆ ಅದನ್ನು ಸ್ವೀಕರಿಸಲು ತಾವು ಇಚ್ಛಿಸಿಲ್ಲವೆಂದು ಲಿಖಿತವಾಗಿ ತಿಳಿಸಿದ್ದೀರಿ. ಕೇಂದ್ರವು ತಮ್ಮ ಹಕ್ಕನ್ನು ಗೌರವಿಸುತ್ತದೆ." ನಾನು ಗಟ್ಟಿಯಾಗಿ ಕಿರುಚಿದೆ. ಗ್ರಂಥಪಾಲಕರು ನನ್ನನ್ನು ಹೊರಗೆ ಕಳಿಸಿದರು. ಮನೆಗೆ ಓಡಿಬಂದು ಕಸದ ಬುಟ್ಟಿಯಿಂದ ಬಲೂನಿನ ಚೂರುಗಳನ್ನು ತೆಗೆದು ಮೇಜಿನ ಮೇಲೆ ಜೋಡಿಸಿದೆ. 'ಅಭಿನಂದನೆಗಳು' ಎಂದಿತ್ತು.

11. ಮಂಗಳವಾರ ಖುದ್ದಾಗಿ ತಮ್ಮ ಕಚೇರಿಗೆ ಬಂದೆ. ಕಿಟಕಿಯಲ್ಲಿದ್ದವರು ಶ್ರೀ ಕಿಂಬಲ್. ನನ್ನ ಹೆಸರು ಹೇಳಿದ ಕೂಡಲೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.

"ನಾನು ನಿಮ್ಮ ಜೊತೆ ಮಾತಾಡೋ ಹಾಗಿಲ್ಲಮ್ಮ. ಚೀಟಿಲಿ ಬರ್ದುಕೊಟ್ಟಿದೀರಲ್ಲ."

"ಸಾರ್, ನೀವು ಪೊಲೀಸರು ಅಂದ್ಕೊಂಡ್ವಿ!"

"ಗೂಬೆ ವೇಷದಲ್ಲಾ?"

"ನಾನೂ ಅದೇ ಕೇಳ್ದೆ ಸಾರ್!"

ಅವರ ಕಣ್ಣು ಒದ್ದೆಯಾಗಿತ್ತು. "ಗೂಬೆ ಒಳಗಿದ್ದೋನು ನಾನೇ. ಆ ತಲೆ ಒಳಗೆ ಎಷ್ಟು ಸೆಕೆ ಗೊತ್ತಾ? ಯಾವ ಮಗೂನೂ ನನ್ನನ್ನ ಪೊರಕೇಲಿ ತಳ್ಳಿರ್ಲಿಲ್ಲ" ಎಂದರು. ಆಮೇಲೆ, ನಿಯಮ ನಿಯಮವೇ ಆದ ಕಾರಣ, ಲಿಖಿತ ಅರ್ಜಿ ಕೊಡಬೇಕೆಂದು ಬರೆದ ಹಾಳೆಯೊಂದನ್ನು ಗಾಜಿನ ಕಿಟಕಿಯ ಕೆಳಗಿನಿಂದ ನನ್ನ ಕಡೆ ತಳ್ಳಿದರು. ನಾನು ವಾಪಸು ತಳ್ಳಲಿಲ್ಲ.

ಅಲ್ಲೇ ಗೋಡೆಯ ಪಕ್ಕ ಒಂದು ಬುಟ್ಟಿಯಲ್ಲಿ ಕೆಂಪು ಚೀಟಿಗಳಿದ್ದವು. 'ಉಚಿತ, ಎಷ್ಟು ಬೇಕಾದರೂ ತೆಗೆದುಕೊಳ್ಳಿ' ಎಂದಿತ್ತು. ಪ್ರತಿ ಚೀಟಿಯ ಬೆನ್ನ ಮೇಲೆ ತಮ್ಮದೇ ಕೇಂದ್ರದ ಮುದ್ರೆ. ನಮ್ಮ ಬೀದಿಗೆ ಅವು ಬಂದದ್ದು ಇಗರ್ಜಿಯಲ್ಲಿ ತಾವೇ ನಡೆಸಿದ ತರಬೇತಿಯಿಂದ. ದೋನ್ಯಾ ತೆಂಚಾ ಮುಂದಿನ ಸಾಲಿನಲ್ಲಿ ಕೂತು ಕಲಿತು ಬಂದಿದ್ದರು. ಆದ್ದರಿಂದ ಶನಿವಾರದ ಘಟನೆಯನ್ನು ತಮ್ಮ ತರಬೇತಿಯ ಯಶಸ್ಸೆಂದು ದಾಖಲಿಸಬೇಕೇ ಹೊರತು ನನ್ನ ನಿರಾಕರಣೆಯೆಂದಲ್ಲ. ತಾವು ಹೇಳಿಕೊಟ್ಟದ್ದನ್ನು ಒಂದಕ್ಷರ ಬಿಡದೆ ಪಾಲಿಸಿದ್ದೇವೆ.

12. ಇನ್ನು ಅಮ್ಮನ ವಿಷಯ. ಇದನ್ನು ಬರೆಯುವುದು ಸ್ವಲ್ಪ ಕಷ್ಟ.

ಮಂಗಳವಾರ ಸಂಜೆ ಎಲ್ಲವನ್ನೂ ಹೇಳಿದೆ. ವಿಳಾಸ ಬರೆದದ್ದನ್ನೂ ಹೇಳಿದೆ. ಅಮ್ಮ ಪೀಚ್ ಶೆಡ್ಡಿನಿಂದ ಆಗತಾನೇ ಬಂದಿದ್ದರು. ಅಲ್ಲಿ ಅವರನ್ನು ಬೇರೆ ಹೆಸರಿನಿಂದ ಕರೆಯುತ್ತಾರೆ. (ಹಿಂದಿನ ವಾಕ್ಯವನ್ನು ತಾವು ಓದಿಲ್ಲವೆಂದು ಪರಿಗಣಿಸಬೇಕಾಗಿ ಕೋರಿಕೆ.) ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಹಣ್ಣಿನ ಸಿಪ್ಪೆಯ ನವಿರು ಅಂಟಿದ್ದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

"ಹದಿನೇಳು ವರ್ಷ ನಿನ್ನ ಬಚ್ಚಿಟ್ಟೆ ಕಣೇ," ಎಂದರು. "ಹೆಸ್ರು ಹಿಡಿದು ಹುಡುಕ್ಕೊಂಡು ಬಂದ್ರೆ ಕೆಟ್ಟದ್ದಕ್ಕೇ ಬರ್ತಾರೆ ಅಂತ್ಲೇ ಗೊತ್ತಿತ್ತು ನಂಗೆ. ಒಳ್ಳೇದಕ್ಕೂ ಹುಡುಕ್ತಾರೆ ಅಂತ ಯಾರ್ ಹೇಳಿದ್ರು? ನಾನೇ ನಿನ್ ಕಾಲೇಜನ್ನ ಪೊರಕೆ ಹಿಡ್ಕೊಂಡು ಗುಡಿಸಿ ಹಾಕಿದ್ನಲ್ಲೇ."

ಅಮ್ಮ ಅತ್ತರು. ನಾನೂ ಅತ್ತೆ. ಆಗ ಲಿಬೊರಿಯೊ "ಊಟ ಮಾಡ್ತೀರಾ?" ಎಂದಿತು. ಮಾವ ಮೊದಲು ಕಿಸಕ್ಕೆಂದರು. ಆಮೇಲೆ ಅಮ್ಮನಿಗೆ ನಗು ಹತ್ತಿತು. "ಪಾಪ, ಆ ಗೂಬೆ... ಐದೈದು ಸಲ ಥ್ಯಾಂಕ್ಸ್ ಹೇಳ್ತಲ್ಲೇ..." ಎಂದು ಮಾತು ಮುಗಿಸಲಾಗದೆ ಗೋಡೆಗೆ ಒರಗಿದರು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ಕೇಳಿ ದೋನ್ಯಾ ತೆಂಚಾ ಫೋನ್ ಮಾಡಿ, ಯಾವ ಗಾಡಿ ಬಂತು ಎಂದು ವಿಚಾರಿಸಿದರು.

13. ಭೂಮಾಪನವೇ ಏಕೆ ಎಂದು ತಮ್ಮ ಸಂದರ್ಶನದಲ್ಲಿ ಕೇಳಿದ್ದಿರಿ. ಅಂದು ನಾಚಿಕೆಯಿಂದ ಅರ್ಧ ಹೇಳಿದೆ. ಪೂರ್ತಿ ಇಲ್ಲಿದೆ. ನನಗೆ ಹದಿಮೂರು ವರ್ಷವಿದ್ದಾಗ ಶೆಡ್ಡಿನ ಹಿಂದಿನ ಜಮೀನಿಗೆ ಒಬ್ಬ ಹೆಂಗಸು ಮೂರು ಕಾಲಿನ ಪೀಠವನ್ನೂ ಅಳತೆಯ ದುರ್ಬೀನನ್ನೂ ಹೊತ್ತು ಬಂದಿದ್ದಳು. ಕಿತ್ತಳೆ ಬಣ್ಣದ ಅಂಗಿ ತೊಟ್ಟಿದ್ದಳು. ಬೇಲಿ ದಾಟಿದಳು, ಕಾಲುವೆ ದಾಟಿದಳು, ದೊಡ್ಡ ಧಣಿಯ ಅಂಗಳದಲ್ಲೇ ಗೂಟ ನೆಟ್ಟಳು. ನೀನು ಯಾರು ಎಂದು ಒಬ್ಬರೂ ಕೇಳಲಿಲ್ಲ. ನನಗೂ ಆ ಗಾಜಿನಲ್ಲಿ ನೋಡಲು ಬಿಟ್ಟಳು. ದೂರದ ಕಂಬ ಮೂಗಿನ ತುದಿಗೆ ಬಂತು. ಅಂದೇ ತೀರ್ಮಾನಿಸಿದೆ.

ಅಮ್ಮನಿಗೆ ಇದು ಇನ್ನೂ ತಮಾಷೆಯೇ. "ದೇಶದ ಗೆರೆ ದಾಟಿ ಬಂದ ಮನೆ ನಮ್ದು, ನೀನು ಊರೋರ ಗೆರೆ ಎಳೀತೀಯಾ?" ಎನ್ನುತ್ತಾರೆ. ನಾನು ದಾಟಿದ ಗೆರೆ ನನಗೆ ನೆನಪಿಲ್ಲ. ಒಂದು ವರ್ಷದವಳು, ಅಮ್ಮನ ಬೆನ್ನ ಮೇಲೆ ನಿದ್ದೆ ಮಾಡುತ್ತಿದ್ದೆನಂತೆ. ಆದ ಕಾರಣ ಮುಂದಿನ ಗೆರೆಗಳನ್ನಾದರೂ ಎಚ್ಚರವಿದ್ದು ನೋಡಬೇಕೆಂಬ ಆಸೆ. ಕಾಗದಪತ್ರವಿಲ್ಲದವಳಿಗೆ ಕೆಲಸ ಯಾರು ಕೊಡುತ್ತಾರೆಂಬ ಪ್ರಶ್ನೆಗೆ ತಮ್ಮ ಉದ್ಯೋಗ ನೆರವು ವಿಭಾಗದವರೇ ದಾರಿ ಹೇಳಿದ್ದಾರೆ: ಯಾರ ಬಳಿಯೂ ನೌಕರಿ ಕೇಳದೆ ಸ್ವಂತ ಬೋರ್ಡು ಹಾಕಿಕೊಳ್ಳುವುದು. ಬೋರ್ಡಿನ ಮೇಲೆ ಏನು ಬರೆಯಬೇಕೆಂದು ಮಾವ ಈಗಾಗಲೇ ಹನ್ನೆರಡು ಸಲಹೆ ಕೊಟ್ಟಿದ್ದಾರೆ. ಎಲ್ಲದರಲ್ಲೂ ಮಾವನ ಹೆಸರೇ ಮೊದಲಿದೆ.

14. ಬುಧವಾರ ಅಮ್ಮ ಶೆಡ್ಡಿನಿಂದ ಬಂದವರೇ ಚಪ್ಪಲಿ ಕೂಡ ಬಿಡದೆ, "ಫಿದೆನ್ಸಿಯೊ, ಮುಂಬಾಗ್ಲು ತೆಗಿ" ಎಂದರು.

"ಯಾಕೆ?"

"ಗೂಬೆ ಇನ್ನೊಂದ್ಸಲ ಬಂದ್ರೆ ಅಡುಗೆಮನೆ ಬಾಗ್ಲಲ್ಲಿ ಅದ್ರ ತಲೆ ಹಿಡಿಸಲ್ಲ. ಅದೂ ಅಲ್ದೆ, ನನ್ ಮಗ್ಳ ಸುದ್ದಿ ಮುಂದಿಂದ್ಲೇ ಬರ್ಲಿ."

ಮೂಟೆ ಸರಿಸಿದೆವು. ತಾಯಿಯ ಪಟವನ್ನು ಗೋಡೆಗೆ ಹಾಕಿದೆವು. ಹನ್ನೊಂದು ವರ್ಷದಿಂದ ಮುಚ್ಚಿದ್ದ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಮಾವ ಎಣ್ಣೆ ಬಿಟ್ಟರು, ಬೈದರು, ಹಾರೆ ಹಾಕಿದರು. ದೋನ್ಯಾ ತೆಂಚಾ ಬೀದಿಯ ಆಚೆಯಿಂದ ಆಜ್ಞೆಗಳನ್ನು ಕೊಟ್ಟರು. ಕೊನೆಗೆ ಬಾಗಿಲು ದಢಾರೆಂದು ತೆರೆದುಕೊಂಡು, ಮೇಲಿನ ತಿರುಗಣಿ ಮುರಿದು, ಗೋಡೆಗೆ ಒರಗಿ ನಿಂತುಬಿಟ್ಟಿತು. ಈಗ ಅದು ಮುಚ್ಚುವುದಿಲ್ಲ.

"ಅಯ್ಯೋ, ಬೆಳಕು ನೋಡೇ!" ಎಂದು ಅಮ್ಮ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ನಮ್ಮ ನಡುಮನೆಯ ಗೋಡೆ ಹಳದಿ ಬಣ್ಣದ್ದೆಂದು ನಾನು ತಿಳಿದಿದ್ದೆ. ಅದು ಬಿಳಿ.

ಆದ್ದರಿಂದ ತಮ್ಮಲ್ಲಿ ಕೋರಿಕೊಳ್ಳುವುದೇನೆಂದರೆ:

ಅ) ಸದರಿ ಕೆಂಪು ಚೀಟಿಯನ್ನು ಗೂಬೆಗೆ ಕೊಟ್ಟದ್ದೆಂದು ಪರಿಗಣಿಸದೆ, ಗೂಬೆಯ ಹಿಂದೆ ಬಂದಿರಬಹುದಾಗಿದ್ದ ಇತರರಿಗೆ ಕೊಟ್ಟದ್ದೆಂದು ಪರಿಗಣಿಸುವುದು.
ಆ) ವಿದ್ಯಾರ್ಥಿವೇತನವನ್ನು ನನ್ನ ಹೆಸರಿನಲ್ಲೇ ಮುಂದುವರಿಸುವುದು.
ಇ) ಗಿಳಿಯ ಹೇಳಿಕೆಯನ್ನು ಕಡತದಿಂದ ತೆಗೆದುಹಾಕುವುದು.
ಈ) ರಟ್ಟಿನ ಚೆಕ್ಕಿನ ಮೂಲೆ ಮಡಿಸಿಹೋಗಿದ್ದರೆ ಅದನ್ನೇ ಕೊಡುವುದು. ಹೊಸದು ಬೇಡ. ಅಮ್ಮನಿಗೆ ಆ ಮೂಲೆಯ ಪರಿಚಯವಿದೆ.

ಇತಿ, ಇನ್ನು ಮುಂದೆ ತಾವು ತಳ್ಳುವ ಯಾವ ಕಾಗದವನ್ನೂ ವಾಪಸು ತಳ್ಳದ,
ತಮ್ಮ ವಿಶ್ವಾಸಿ,
ಯಾದಿರಾ ವೆಂತುರಾ
(ಸಹಿ ಹಾಕಿದೆ)

ಲಗತ್ತುಗಳು:

1. ಬಲೂನಿನ ಚೂರುಗಳು, ಅಂಟಿಸಿದ್ದು.
2. ನಮ್ಮ ಮೆಟ್ಟಿಲ ಮೇಲೆ ಸಿಕ್ಕ ಗರಿ ಒಂದು. ಶ್ರೀ ಕಿಂಬಲ್ ಅವರಿಗೆ ತಲುಪಿಸುವುದು.
3. ಉಳಿದ ಕೆಂಪು ಚೀಟಿಗಳು, ಒಂದು ಕಟ್ಟು. ಪರಿಶೀಲಿಸಿ ಹಿಂತಿರುಗಿಸಬೇಕು. ನಮಗೆ ಇನ್ನೂ ಬೇಕಾಗುತ್ತವೆ.
4. ದೋನ್ಯಾ ತೆಂಚಾ ಅವರ ಲಿಖಿತ ದೂರು: ಗಾಡಿಯ ಬಣ್ಣ, ಬರುವ ಹೊತ್ತು ಮತ್ತು ಹಕ್ಕಿಗಳ ಸಂಖ್ಯೆಯನ್ನು ಮುಂಚಿತವಾಗಿ ತಿಳಿಸದಿದ್ದ ಬಗ್ಗೆ.
5. ಅಮ್ಮನ ಹೇಳಿಕೆ, ಎರಡು ಸಾಲು: "ಅವಳು ಬೇಡ ಅಂದಿಲ್ಲ. ಬೇಡ ಅಂದಿದ್ದು ನಾನು, ಗೊತ್ತಿಲ್ದೆ." ಕೆಳಗೆ ಸಹಿ. ಈ ದೇಶದಲ್ಲಿ ಅಮ್ಮ ತಮ್ಮ ಸ್ವಂತ ಹೆಸರಿನಲ್ಲಿ ಹಾಕಿದ ಮೊದಲನೆಯ ಸಹಿ. ಅಕ್ಷರ ಸೊಟ್ಟಗಿರುವುದಕ್ಕೆ ಅಭ್ಯಾಸವಿಲ್ಲದಿರುವುದೇ ಕಾರಣ.
6. ತಮಾಲೆ, ಹನ್ನೆರಡು. ಇವುಗಳನ್ನು ಹಿಂತಿರುಗಿಸುವ ಅಗತ್ಯವಿಲ್ಲ.

ಕೊನೆಯ ವಿನಂತಿ:

ತಿರುಗಣಿ ತಂದು ಬಾಗಿಲು ಸರಿಮಾಡುತ್ತೇನೆಂದು ಮಾವ ಹೇಳುತ್ತಿದ್ದಾರೆ. ತಾವು ಬಂದು ಹೋಗುವವರೆಗೆ ಮುಟ್ಟಕೂಡದೆಂದು ಅಮ್ಮ ಹೇಳಿದ್ದಾರೆ. ಈ ಅರ್ಜಿ ಬರೆಯುತ್ತಿರುವಾಗ ಅಮ್ಮ ತೆರೆದ ಮುಂಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಕೊಂಡು, ಹಬ್ಬಕ್ಕೆಂದು ಜೋಪಾನವಾಗಿ ಇಟ್ಟಿದ್ದ ಹಸಿರು ಲಂಗ ಉಟ್ಟು, ಬೀದಿ ನೋಡುತ್ತಾ ಕೂತಿದ್ದಾರೆ. ಎದುರು ಕಿಟಕಿಯಲ್ಲಿ ದೋನ್ಯಾ ತೆಂಚಾ ಇದ್ದಾರೆ. ಈ ಸಲ ಕನ್ನಡಕ ಹಾಕಿಕೊಂಡಿದ್ದಾರೆ.

ಆ ಬಾಗಿಲಿಗೆ ಯಾರು ಬೇಕಾದರೂ ಬರಬಹುದು. ಆದ ಕಾರಣ, ಮೊದಲು ಬರುವವರು ತಾವೇ ಆಗಿರಬೇಕೆಂದು ಕೋರಿಕೆ.